ಅಟ್ಟದಲ್ಲಿ ಉಳಿದ ಐದು ಕಾಯಿ

ಅಟ್ಟ ಖಾಲಿಯಾಗಿತ್ತು.

ಏಣಿಯ ಮೇಲೆ ನಿಂತು ಟಾರ್ಚ್ ಬಿಟ್ಟು ನೋಡಿದೆ. ನಿನ್ನೆ ಸಂಜೆಯವರೆಗೂ ಸೂರಿಗೆ ತಾಗುವಂತೆ ಒಟ್ಟಿದ್ದ ತೆಂಗಿನಕಾಯಿ ರಾಶಿ ಮಾಯ! ಮೂಲೆಯಲ್ಲಿ ಐದೇ ಐದು ಕಾಯಿ ಉಳಿದಿದ್ದವು. ಕೆಳಗೆ ಗೋಲಿನ ಬಲೆ, ಚೆಂಡುಗಳು, ಶೂಗಳು ಎಲ್ಲವೂ ಇದ್ದಲ್ಲೇ ಇದ್ದವು. ಬಾಗಿಲಿನ ಬೀಗವನ್ನು ಯಾರೂ ಒಡೆದಿರಲಿಲ್ಲ.

"ಏನ್ಲಾ ಶರತ್, ಕಾಯಿ ಐತೇನ್ಲಾ?" ಕೆಳಗಿನಿಂದ ಕಲ್ಲೇಶಪ್ಪನವರು ಕೂಗಿದರು.

"ಇಲ್ಲ ಸಾರ್. ಯಾರೋ ಹೊಡ್ಕೊಂಡು ಹೋಗಿದ್ದಾರೆ."

ಕಲ್ಲೇಶಪ್ಪನವರು ಹಳೇಬೀಡಿನ ನಮ್ಮ ದ್ವಾರಸಮುದ್ರ ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು. ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ ಇಟ್ಟವರು. ನಾನು ಶರತ್ಚಂದ್ರ, ಕ್ಲಬ್ಬಿನ ಕಾರ್ಯದರ್ಶಿ. ಅವರ ಹಳೇ ಗೋದಾಮೇ ನಮ್ಮ ಕ್ಲಬ್ಬಿನ ಕೋಣೆ. ಕಳ್ಳತನ ಆಗುವುದಿದ್ದರೆ ಬೇರೆ ದಿನ ಇರಲಿಲ್ಲವೇ? ಅದೇ ಕಾಯಿಗಳನ್ನು ಕಣ್ಣಾರೆ ನೋಡಲು ಲೀಗಿನ ಲೆಕ್ಕ ಪರಿಶೀಲಕರು ಆ ದಿನವೇ ಬರುವವರಿದ್ದರು.

ನಮ್ಮ ಲೀಗಿನ ನಿಯಮ ಸರಳ. ಕ್ಲಬ್ಬು ತಾನು ದುಡಿದಷ್ಟನ್ನು ಮಾತ್ರ ಆಟಗಾರರ ಮೇಲೆ ಖರ್ಚು ಮಾಡಬೇಕು. ಟಿಕೆಟ್ಟು, ಅಂಗಿ ಮಾರಾಟ, ಕ್ಲಬ್ಬಿನದೇ ಆಸ್ತಿಯ ಹುಟ್ಟುವಳಿ — ಇವೆಲ್ಲ ಸರಿ. ಸಾಹುಕಾರರ ಜೇಬಿನಿಂದ ಆಟಗಾರರನ್ನು ಕೊಂಡರೆ ತಂಡ ಆ ವರ್ಷ ಲೀಗಿನಿಂದಲೇ ಹೊರಗೆ. ಹೋದ ಯುಗಾದಿಗೆ ಕಲ್ಲೇಶಪ್ಪನವರು ಹುಲಿಕೆರೆ ಹತ್ತಿರದ ತೆಂಗಿನ ತೋಟವೊಂದನ್ನು ಕ್ಲಬ್ಬಿಗೆ ದಾನ ಬರೆದುಕೊಟ್ಟಿದ್ದರು. ಆ ತೋಟದ್ದೆಂದು ಉಂಡೆ ಕೊಬ್ಬರಿ ಮಾರಿ, ಬಂದ ಹಣದಲ್ಲಿ ಬಿಕ್ಕೋಡು ತಂಡದಿಂದ ಇಂದ್ರೇಶನನ್ನು ತಂದೆವು. ಅವನು ಬಂದ ಮೇಲೆ ನಾವು ಸೋತದ್ದೇ ಇಲ್ಲ. ಭಾನುವಾರ ಫೈನಲ್ ಇತ್ತು. ಮಾರಿ ಮಿಕ್ಕ ಕಾಯಿ ಅಟ್ಟದಲ್ಲಿತ್ತು.

"ಬೀಗದ ಕೈ ಇಬ್ರತ್ರಾನೇ ಇರೋದು," ಎಂದರು ಕಲ್ಲೇಶಪ್ಪ. "ಒಂದು ನಿನ್ನತ್ರ. ಇನ್ನೊಂದು?"

ಉತ್ತರ ಅವರಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಿದವನು ನಾನು.

"ಮಧುಕುಮಾರ್."

"ಪಾಪ, ಒಳ್ಳೇ ಹುಡ್ಗ. ಆದ್ರೂ ಒಂದ್ಸಲ ನೋಡ್ಬಿಡು. ಆಮೇಲೆ ಸ್ಟೇಷನ್ನಿಗೆ ಕಂಪ್ಲೇಂಟ್ ಕೊಡಾನ. ಕಳುವಾಗೈತೆ ಅಂದ್ರೆ ಲೀಗಿನೋರು ಏನ್ ಮಾಡ್ತಾರೆ?"

ಮಧು ನಮ್ಮ ಗೋಲ್‌ಕೀಪರ್, ಕರಿಯಯ್ಯನವರ ಮಗ. ಅವನಿಗೆ ರೈಲ್ವೆಯಲ್ಲಿ ಕೆಲಸವಾಗಿತ್ತು, ಅರಸೀಕೆರೆ ಜಂಕ್ಷನ್ನಿನಲ್ಲೇ. ಪೊಲೀಸ್ ವೆರಿಫಿಕೇಷನ್ ಒಂದು ಬಾಕಿ. ಕಳ್ಳತನದ ದೂರಿನಲ್ಲಿ ಹೆಸರು ಬಿದ್ದರೆ ಆ ಕೆಲಸ ಮುಗಿದ ಹಾಗೆ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾಲ್ಕು ಜನರನ್ನು ಕಟ್ಟಿಕೊಂಡು, ದೊಡ್ಡ ಪತ್ತೇದಾರನ ಹಾಗೆ, ಅವನ ಮನೆಗೆ ನಡೆದೆ.

ಮಧು ಹಲ್ಲುಜ್ಜುತ್ತ ಬಾಗಿಲಲ್ಲಿ ನಿಂತಿದ್ದ.

"ಏನ್ ಶರತಣ್ಣ, ಇಷ್ಟೊತ್ತಿಗೆ?"

"ಕಾಯಿ ಎಲ್ಲೋ?"

"ಯಾವ್ ಕಾಯಿ?"

"ನಾಟಕ ಬೇಡ. ಅಟ್ಟದ ಕಾಯಿ."

ಅವನು ಪಕ್ಕಕ್ಕೆ ಸರಿಯುವ ಮೊದಲೇ ನಾನು ಒಳಗಿದ್ದೆ. ಅವನ ತಾಯಿ ಗಿಡ್ಡಮ್ಮ ಏನೂ ಕೂಗಾಡಲಿಲ್ಲ. ಮಂಚದ ಕೆಳಗಿನ ಮೂಟೆಯನ್ನು ತಾವೇ ಎಳೆದು ಬಾಯಿ ಬಿಚ್ಚಿದರು.

"ರಾಗಿ ಐತೆ. ಕೈ ಹಾಕಿ ನೋಡ್ಕಳಿ ಸ್ವಾಮಿ."

ಕೈ ಹಾಕಿ ನೋಡಿದೆ! ಈಗ ನೆನೆದರೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತದೆ. ಬೀದಿಯ ಜನವೆಲ್ಲ ಬಾಗಿಲಲ್ಲಿ ಸೇರಿದ್ದರು. ಕಾಯಿ ಸಿಗಲಿಲ್ಲ. "ಬೇರೆ ಕಡೆ ಸಾಗಿಸಿರ್ತಾನೆ ಬಿಡು," ಎಂದು ನನ್ನ ಜೊತೆ ಬಂದವನೊಬ್ಬ ಗಟ್ಟಿಯಾಗಿಯೇ ಹೇಳಿದ. ನಾನು ಅವನ ಬಾಯಿ ಮುಚ್ಚಿಸಲಿಲ್ಲ.

ಅರಸೀಕೆರೆ ಬಸ್ಸಿನಿಂದ ಇಳಿದ ಪರಿಶೀಲಕರು ನಲವತ್ತರ ಆಸುಪಾಸಿನ ಹೆಂಗಸು. ಹೆಸರು ಮೀನಾಕ್ಷಿ. ಕಳ್ಳತನದ ಸುದ್ದಿ ಹೇಳಿದಾಗ ಅಯ್ಯೋ ಎನ್ನಲಿಲ್ಲ, ಹುಬ್ಬೇರಿಸಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೇರ ಏಣಿ ಹತ್ತಿದರು. ನಾನೂ ಹಿಂದೆ ಹತ್ತಿದೆ.

ಮೂಲೆಯ ಕಾಯಿಗಳಲ್ಲಿ ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ಮತ್ತೊಂದನ್ನೂ ಹಾಗೆಯೇ ನೋಡಿದರು.

"ಕಳ್ಳ ಇವನ್ನ ಯಾಕೆ ಬಿಟ್ಟ ಶರತ್?"

"ಆತುರದಲ್ಲಿ ಮರೆತಿರಬೇಕು ಮೇಡಂ."

"ಆತುರದಲ್ಲಿ ಇರೋನು ಐದೂ ಕಾಯಿನ ತೊಟ್ಟು ಮೇಲೆ ಮಾಡಿ, ಒಂದರ ಪಕ್ಕ ಒಂದು ಕೂರಿಸ್ತಾನಾ?"

ನಾನು ಅದನ್ನು ಗಮನಿಸಿಯೇ ಇರಲಿಲ್ಲ.

"ಬೀಗದ ಕೈ ಇಬ್ಬರ ಹತ್ರ ಮಾತ್ರ ಇದೆ ಅಂತ ಯಾರು ಹೇಳಿದ್ದು?"

"ಅಧ್ಯಕ್ಷರು."

"ಗೋದಾಮು ಯಾರದ್ದು?"

"ಅವರದ್ದೇ... ಮೊದಲಿಂದ."

ಅವರು ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು ಕೆಳಗಿಳಿದರು. ಮಧುವನ್ನು ಕರೆಸಿದ್ದರು, ಬಂದು ಗೋಡೆಗೆ ಆತು ನಿಂತಿದ್ದ. ನನ್ನ ಕಡೆ ನೋಡಲಿಲ್ಲ.

"ನಿಮ್ಮನೇಲಿ ತೆಂಗು ಇದ್ಯಾ ಮಧುಕುಮಾರ್?"

"ಒಂದು ಗಿಡಾನೂ ಇಲ್ಲ ಮೇಡಂ."

"ಅಟ್ಟದಿಂದ ಕಾಯಿ ಇಳಿಸಿ ಅಭ್ಯಾಸ ಇದ್ಯಾ?"

"ಇಲ್ಲ. ಈ ಊರಲ್ಲಿ ನಮ್ಮನ್ನ ಯಾರೂ ಅಟ್ಟ ಹತ್ತಿಸಲ್ಲ."

ಕಲ್ಲೇಶಪ್ಪನವರು ಗಡಿಯಾರ ನೋಡಿಕೊಂಡರು. "ಹೊತ್ತಾಯ್ತೈತೆ ಕಣಮ್ಮ. ಸ್ಟೇಷನ್ನಿಗೆ ಹೋಗಾನ ನಡೀರಿ."

"ಹೋಗೋಣ," ಎಂದರು ಮೀನಾಕ್ಷಿ. "ಅದಕ್ಕೆ ಮುಂಚೆ ಒಂದು ಮಾತು. ಕಾಯಿ ಇಳಿಸುವಾಗ ತೆಂಗಿನ ಮನೆಯವರು ಅಟ್ಟಾನ ಬರಿದು ಮಾಡಲ್ಲ, ಮನೆಗೆ ಕೇಡು ಅಂತ. ಐದು ಕಾಯಿ ತೊಟ್ಟು ಮೇಲೆ ಮಾಡಿ ಬಿಟ್ಟು, ಕೈಮುಗಿದು ಇಳೀತಾರೆ. ನಿಮ್ಮನೇಲೂ ಅದೇ ಪದ್ಧತಿ ಅಲ್ವಾ?"

"ತೆಂಗು ಇರೋರ್ ಮನೇಲೆಲ್ಲ ಐತೆ. ಅದ್ಕೇನೀಗ?"

"ಕಳ್ಳರಿಗೆ ಆ ಪದ್ಧತಿ ಇಲ್ಲ. ಕದಿಯೋಕೆ ಬಂದೋನು ಇನ್ನೊಬ್ಬರ ಅಟ್ಟ ಬರಿದಾದ್ರೆ ಯಾಕೆ ಹೆದರ್ತಾನೆ? ಹೆದರಿದೋನು ಅಟ್ಟದ ಯಜಮಾನ. ಕಳುವಿನ ಹಾಗೆ ಕಾಣ್ಲಿ ಅಂತ ಎಲ್ಲಾ ಇಳಿಸಿದ. ಕೊನೆಗೆ ಐದು ಕಾಯಿ ಮುಟ್ಟೋಕೆ ಮನಸ್ಸು ಬರಲಿಲ್ಲ."



"ಶರತ್ ಮನೇಲೂ ತೆಂಗು ಐತಲ್ಲ?" ಎಂದರು ಕಲ್ಲೇಶಪ್ಪ.

"ಇರಬಹುದು. ಆದ್ರೆ ಅಷ್ಟು ಕಾಯಿ ತುಂಬಿಕೊಂಡು ಇವರು ಗಾಡಿ ಓಡಿಸಿದ್ರೆ ಊರೇ ಕೇಳ್ತಿತ್ತು. ದಿನಾ ಕಾಯಿ ಸಾಗಿಸೋ ಗಾಡಿ ನಿಮ್ಮದು. ಅದನ್ನ ಯಾರು ತಿರುಗಿ ನೋಡ್ತಾರೆ? ಬೀಗ ಒಡೀಬೇಕಾದ ಅಗತ್ಯಾನೂ ನಿಮಗಿಲ್ಲ. ಗೋದಾಮಿನ ಮೂಲ ಬೀಗದ ಕೈ ನಿಮ್ಮ ಸೊಂಟದಲ್ಲೇ ಇದೆ."

ಕಲ್ಲೇಶಪ್ಪನವರ ಕೈ ತಾನಾಗಿ ಸೊಂಟಕ್ಕೆ ಹೋಗಿ, ನಾಚಿಕೊಂಡು ಹಿಂದೆ ಬಂತು.

"ನನ್ನ ಕಾಯಿ ನಾನೇ ಯಾಕ್ ಕದೀಲಿ?"

"ನನ್ನ ಕಣ್ಣಿಗೆ ಬೀಳಬಾರದು ಅಂತ." ಮೀನಾಕ್ಷಿ ಕೈಯಲ್ಲಿದ್ದ ಕಾಯಿ ಎತ್ತಿ ಅಲ್ಲಾಡಿಸಿದರು. ಒಳಗೆ ಕೊಬ್ಬರಿ ಲೊಟಲೊಟ ಎಂದಿತು. "ಅಟ್ಟದಲ್ಲಿ ಹತ್ತಿರ ಹತ್ತಿರ ಒಂದು ವರ್ಷ ಕೂತರೆ ನೀರು ಬತ್ತಿ, ಕೊಬ್ಬರಿ ಚಿಪ್ಪು ಬಿಟ್ಟು ಹೀಗೆ ಶಬ್ದ ಮಾಡುತ್ತೆ. ಕ್ಲಬ್ಬಿಗೆ ತೋಟ ಬಂದಿದ್ದು ಯುಗಾದಿಗೆ. ಈಗ ಕಾರ್ತಿಕ. ಆ ತೋಟದ ಕಾಯಿ ಆಗಿದ್ರೆ ಇನ್ನೂ ನೀರು ತುಳುಕಬೇಕಿತ್ತು. ಇವು ನಿಮ್ಮ ಸ್ವಂತ ತೋಟದ ಹಳೇ ಕಾಯಿ. ಮಾರಿದ್ದೂ ಇವನ್ನೇ. ಇಂದ್ರೇಶನಿಗೆ ಕೊಟ್ಟಿದ್ದು ಕ್ಲಬ್ಬಿನ ದುಡಿಮೆ ಅಲ್ಲ, ನಿಮ್ಮ ಜೇಬಿನ ದುಡ್ಡು."

"ಬೆಂಗ್ಳೂರಿನೋರು ಯಾರೋ ಬತ್ತಾರೆ ಅಂದ್ಕಂಡಿದ್ದೆ," ಎಂದು ಗೊಣಗಿದರು ಅವರು.

"ಗೊತ್ತು. ನಿನ್ನೆ ಸಂಜೆ ಫೋನಿನಲ್ಲಿ, ನಿಮ್ಮ ಮಂಡೀಲಿ ಕೊಬ್ಬರಿ ಸುಲೀತಿದ್ದ ಮುತ್ತಮ್ಮನ ಮಗಳು ನಾನು ಅಂದೆ. ಬೆಳಗಾಗೋದ್ರೊಳಗೆ ಅಟ್ಟ ಖಾಲಿ."

ಕಲ್ಲೇಶಪ್ಪನವರು ಚೆಂಡಿನ ಪೆಟ್ಟಿಗೆಯ ಮೇಲೆ ಕುಸಿದು ಕೂತರು. "ಊರಿನ ಮರ್ಯಾದೆಗೋಸ್ಕರ ಮಾಡ್ದೆ ಕಣಮ್ಮ. ಒಂದ್ರೂಪಾಯಿ ನಾನು ತಿಂದಿಲ್ಲ."

"ಬಿಕ್ಕೋಡಿನ ಹುಡುಗರು ಎಸ್ಟೇಟ್ ಕೂಲೀಲಿ ಚಂದಾ ಎತ್ತಿ ತಂಡ ಕಟ್ಟಿದ್ದರು. ಅವರ ಒಬ್ಬನೇ ಒಬ್ಬ ಒಳ್ಳೇ ಆಟಗಾರನ್ನ ನೀವು ಎತ್ತಿಕೊಂಡು ಬಂದ್ರಿ. ಅವರಿಗೂ ಊರಿದೆ, ಮರ್ಯಾದೆ ಇದೆ. ಹೋಗಲಿ, ಈ ಹುಡುಗನ ಕೆಲಸ ಹೋಗಿದ್ದರೆ?"

"ಅವ್ನ ಹೆಸರು ನಾನ್ ಎತ್ತಲಿಲ್ಲ."

ಅದು ನಿಜವೇ. ಮೀನಾಕ್ಷಿ ನನ್ನ ಕಡೆ ತಿರುಗಿದರು.

"ಯುಗಾದಿ ಕಾಯಿ ಕಾರ್ತಿಕಕ್ಕೆ ಕೊಬ್ಬರಿ ಆಗಲ್ಲ. ಅದು ನಿಮಗೆ ಗೊತ್ತಿರಲಿಲ್ವಾ ಶರತ್?"

ಗೊತ್ತಿತ್ತು. ನಮ್ಮ ಅಟ್ಟದಲ್ಲಿ ಆಡಿ ಬೆಳೆದವನು ನಾನು. ಕಮಿಟಿಯ ಅಷ್ಟೂ ಜನರಿಗೆ ಗೊತ್ತಿತ್ತು. ಇಂದ್ರೇಶ ಗೋಲು ಹೊಡೆಯುತ್ತಿದ್ದ, ನಾವು ಶಿಳ್ಳೆ ಹಾಕುತ್ತಿದ್ದೆವು, ಕೇಳುವುದು ಯಾರಿಗೂ ಬೇಕಿರಲಿಲ್ಲ. ತಲೆ ತಗ್ಗಿಸಿ ಅಷ್ಟನ್ನೂ ಹೇಳಿದೆ.

ಠಾಣೆಗೆ ಯಾರೂ ಹೋಗಲಿಲ್ಲ. ಮಧುವಿನ ಕೆಲಸ ಉಳಿಯಿತು. ಫೈನಲ್ ನಮ್ಮ ಕೈಬಿಟ್ಟಿತು; ಬಿಡಬೇಕಾದದ್ದೇ. ಕಲ್ಲೇಶಪ್ಪನವರು ಮಧುವಿನ ಮುಂದೆ ಕೈಜೋಡಿಸಿದಾಗ ಅವನು ಬೆನ್ನು ತಿರುಗಿಸಿ ಹೊರಟುಹೋದ.

ಸಂಜೆ ಅವನ ಮನೆಗೆ ಒಬ್ಬನೇ ಹೋದೆ. ಬೀದಿಯವರು ನೋಡುತ್ತಿದ್ದರು, ನೋಡಲಿ ಎಂದೇ ಹೋಗಿದ್ದೆ. ಗಿಡ್ಡಮ್ಮ ಬಾಗಿಲಿಗೆ ಬಂದರು.

"ತಪ್ಪಾಯ್ತಮ್ಮ. ನಿಮ್ಮ ಮಗನ್ನ ಕಳ್ಳ ಅಂದುಬಿಟ್ಟೆ."

"ಒಳಿಕ್ ಬನ್ನಿ," ಎಂದರು ಅವರು.

"ಪರವಾಗಿಲ್ಲಮ್ಮ, ಇಲ್ಲೇ..." ಎಂದುಬಿಟ್ಟೆ. ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ರೂಢಿಯಾಗಿದ್ದದ್ದು.

"ಮಧು ನಿಮ್ಮ ಜೊತೇಲಿ ಆಡಾಕೆ ಸುರು ಮಾಡಿ ಏಸೊಂದು ವರ್ಸ ಆಯ್ತು ಸ್ವಾಮಿ. ಅವ್ನ ಕರ್ಕೊಂಡೋಗಾಕೆ ಬಂದಾಗೆಲ್ಲ ಒಳಿಕ್ ಬನ್ನಿ ಅಂದಿವ್ನಿ. ಇಲ್ಲೇ ಪರವಾಗಿಲ್ಲ ಅಂತಿದ್ರಿ. ಇವತ್ತು ಬೆಳಿಗ್ಗೆ ಮಾತ್ರ ಕರೀದೇನೇ ಒಳಿಕ್ ಬಂದ್ರಿ."

ಬಗ್ಗಿ ಚಪ್ಪಲಿ ಬಿಟ್ಟೆ. ಬೆಳಿಗ್ಗೆ ಅದನ್ನೂ ಬಿಟ್ಟಿರಲಿಲ್ಲ.