ಎರಡನೇ ಚೀಟಿ

"ಎಂಥಾ ಒರಟ ಮನುಷ್ಯ!"

ಸಿಂಧು ಹಲ್ಲು ಕಚ್ಚಿ ಕನ್ನಡದಲ್ಲೇ ಗೊಣಗಿದಳು.

"ಒರಟ ಖರೆ. ಆದ್ರ ಕಿವುಡ ಅಲ್ರೀ ಮೇಡಂ!"

ಅವಳು ಬೆಚ್ಚಿಬಿದ್ದಳು. ಪರದೇಶದ ವುಡ್‌ರಿಡ್ಜ್ ಊರಿನ ಆ ಶಾಲೆಗೆ ಹೊಸದಾಗಿ ಬಂದಿದ್ದ ಐದನೇ ಕ್ಲಾಸಿನ ಟೀಚರ್ 'ಮಿಸ್ಟರ್ ಕಲ್' ಯಾರೋ ಗುಜರಾತಿ ಎಂದುಕೊಂಡಿದ್ದಳು. ಈತ ಗದಗಿನ ಕಲ್ಲಿನಾಥ!

ನಾಚಿಕೆಯಾದರೂ ಸಿಟ್ಟು ಇಳಿಯಲಿಲ್ಲ. ಶಾಲೆಯ ಮಕ್ಕಳಿಗೆ ಓದು ಕಲಿಸುವ ಹೊಣೆ ಅವಳದು. ಓದುವಾಗ ಅನಿಸಿದ್ದನ್ನು ಸ್ಟಿಕಿ ನೋಟಿನಲ್ಲಿ ಬರೆದು ಪುಟಕ್ಕೆ ಅಂಟಿಸಿ ಎಂದು ಹೇಳಿಕೊಟ್ಟವಳೇ ಅವಳು. ಈತ ಅವನ್ನೆಲ್ಲ ಕಿತ್ತುಬಿಟ್ಟಿದ್ದ!

"ಯಾಕೆ ಕಿತ್ರಿ?"

"ಒಗದಿಲ್ರೀ, ಓದಾಕ ತಗೊಂಡೀನಿ. ನೀವ ನೋಡ್ರಿ... 'ವಾವ್', 'ಸ್ಯಾಡ್', 'ಕೂಲ್'! ಪುಸ್ತಕದ ತುಂಬ ಚೀಟಿ ಅದಾವ. ವಿಚಾರ ಎಲ್ಲೈತಿ?"

ಮಾತು ಚುರುಕ್ಕೆಂದಿತು. ಚುಚ್ಚಿದ್ದು ಅದು ನಿಜವಾಗಿದ್ದಕ್ಕೇ.

ಮರುದಿನ ಅವಳೇ ಅವನ ಕ್ಲಾಸಿಗೆ ಹೋದಳು.

"ಇನ್ಮೇಲೆ ಕಡಿಮೆ ಚೀಟಿ ಸಾಕು. ಆದ್ರೆ ಒಂದೊಂದರ ಕೆಳಗೂ ಎರಡನೇದು ಅಂಟಿಸ್ಬೇಕು. ಹಾಗೆ ಯಾಕನಿಸ್ತು ಅಂತ ಯೋಚಿಸಿ ಬರೀಬೇಕು, ಅದು 'ಬಹುಶಃ' ಅಂತಾನೇ ಶುರುವಾಗ್ಬೇಕು. ಆಮೇಲೆ ಪಕ್ಕದವರ ಜೊತೆ ಮಾತಾಡ್ಲಿ."

ಕಲ್ಲಿನಾಥನ ಮುಖ ಅರಳಿತು. "ಇದು ಬರೋಬ್ಬರಿ ಆತ್ ನೋಡ್ರಿ!"

ಆಮೇಲೆ ಇಬ್ಬರೂ ಕೂಡಿಯೇ ಪಾಠ ಮಾಡಿದರು. ಮಕ್ಕಳು ಕಥೆಯ ಬಗ್ಗೆ ಜಗಳವಾಡುವಷ್ಟು ಮಾತಾಡತೊಡಗಿದರು. ಮಧ್ಯಾಹ್ನ ಅವಳ ರೂಮಿನಲ್ಲೇ ಊಟ. ಅವನ ಡಬ್ಬಿಯ ಶೇಂಗಾ ಚಟ್ನಿಗೆ ಅವಳು ಕಾಯುತ್ತಿದ್ದಳು... ಚಟ್ನಿಗಷ್ಟೇ ಅಲ್ಲ ಎಂದು ಅವಳಿಗೂ ಗೊತ್ತಿತ್ತು!

ಚಳಿಗಾಲದಲ್ಲಿ ದೂರದ ರಾಚೆಸ್ಟರ್ ಹಿಲ್ಸ್ ಊರಿನ ಶಾಲೆಯೊಂದರಿಂದ ಫೋನ್ ಬಂತು. ಅಲ್ಲಿನ ಟೀಚರ್‌ಗಳಿಗೆ ಓದಿಸುವ ಈ ರೀತಿಯನ್ನೇ ಕಲಿಸುವ ದೊಡ್ಡ ಕೆಲಸ. ಅಕ್ಕನ ಮನೆಯೂ ಅಲ್ಲೇ. ಯೋಚಿಸಿ ಹೇಳ್ತೀನಿ ಎಂದಿದ್ದಳು. ಕಲ್ಲಿನಾಥನಿಗೆ ತಿಳಿಸಿದಳು.

"ಕಂಗ್ರಾಟ್ಸ್ ರೀ," ಎಂದ. ಅಷ್ಟೇ! ಮರುದಿನದಿಂದ ಊಟಕ್ಕೂ ಬರಲಿಲ್ಲ.

'ನಾನು ಹೋದರೆ ಇವನಿಗೇನೂ ಅಲ್ಲ... ನಾನೇ ಏನೇನೋ ಕಲ್ಪಿಸಿಕೊಂಡೆ!' ಅವಳ ಕಣ್ಣು ತುಂಬಿತು.

ಆ ವಾರ ಮಕ್ಕಳು ಓದುತ್ತಿದ್ದದ್ದು ಊರು ಬಿಡುವ ಗೆಳತಿಯನ್ನು ಕಳಿಸಿಕೊಡಲು ಹೋಗದ ಹುಡುಗಿಯ ಕಥೆ. ಅರೀಬಾ ಎಂಬ ವಿದ್ಯಾರ್ಥಿನಿಯ ಮೊದಲ ಚೀಟಿ: 'ಅವಳಿಗೆ ಗೆಳತಿ ಬೇಕಿಲ್ಲ.'

"ಎರಡನೇದು ಓದಮ್ಮ," ಎಂದಳು ಸಿಂಧು.

ಅರೀಬಾ ಇಂಗ್ಲಿಷಿನಲ್ಲಿ ಮೆಲ್ಲಗೆ ಓದಿದಳು: 'ಬಹುಶಃ ತುಂಬಾ ಬೇಕು. ಎದುರು ಹೋದರೆ, ಹೋಗಬೇಡ ಅಂದುಬಿಡ್ತೀನಿ ಅಂತ ಭಯ.'

ಸಿಂಧುವಿಗೆ ಥಟ್ಟನೆ ಹೊಳೆಯಿತು. ಮಕ್ಕಳಿಗೆಲ್ಲ ಹೇಳಿಕೊಟ್ಟಿದ್ದನ್ನು ಕಲ್ಲಿನಾಥನ ವಿಷಯದಲ್ಲಿ ತಾನೇ ಮಾಡಿರಲಿಲ್ಲ!

ಶಾಲೆ ಬಿಟ್ಟಾಗ ಅವನು ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದ.

"ನಾನು ಹೋದ್ರೆ ನಿಮಗೆ ಖುಷಿನಾ?" ಓಡಿಬಂದಿದ್ದಕ್ಕೆ ಅವಳಿಗೆ ಏದುಸಿರು.

ಅವನ ಕೈ ನಿಂತಿತು. "ದೊಡ್ಡ ಕೆಲಸ ಐತ್ರೀ. ನಾ ಅಡ್ಡ ಬರಬಾರದು ಅಂತ..."

"ಅದಲ್ಲ ಕೇಳಿದ್ದು!"

"ಖುಷಿ ಎಲ್ಲೈತ್ರೀ? ಊಟ ಸೇರವಲ್ದು." ಅವನು ಅವಳತ್ತ ತಿರುಗಿದ. "ನೀವಂದ್ರ ನಂಗ ಜೀವ. ನೀವು ಹೋದ್ರ ನಾನೂ ಅಲ್ಲೇ ಕೆಲಸಕ್ಕ ಅಪ್ಲೈ ಮಾಡ್ತೀನಿ... ಬ್ಯಾಡ ಅನ್ನಬ್ಯಾಡ್ರಿ."

"ನಾನು ಇನ್ನೂ ಹೂಂ ಅಂದಿಲ್ಲ ರೀ... ಇಲ್ಲಿ ಯಾರಾದ್ರೂ ತಡೀತಾರೇನೋ ಅಂತ ಕಾಯ್ತಿದ್ದೆ." ಅಳುತ್ತಲೇ ನಕ್ಕಳು. "ಮನೇಲಿ ನಮ್ಮಿಬ್ಬರ ಬಗ್ಗೆ ಏನಂತ ಹೇಳೋಣ?"

"ನಮ್ಮವ್ವಗ ದೀಪಾವಳಿಗೇ ಹೇಳೀನಿ."

"ನನಗೆ ಹೇಳೋಕೆ ಮುಂಚೆನೇ?!"

"ಅವ್ವಗ ಹೇಳೂದು ಸಲೀಸು ಇತ್ರೀ!"

"ಮೊದಲು ಆ 'ರೀ' ಬಿಡಿ."

"ಹಂಗಾರ... ಏನನ್ಲಿ?"

"ಹೆಸರು ಹಿಡಿದು ಕರೀರಿ."

ಅವನು ಗ್ಲೌಸ್ ತೆಗೆದು ಅವಳ ತಣ್ಣನೆಯ ಕೈ ಹಿಡಿದ.

"ಸಿಂಧು..."

"ಹೂಂ?"

"ಏನಿಲ್ಲ. ಇನ್ನೊಮ್ಮೆ ಕರೀಲೇನು?"