ಸಾಕು ಎಂದವಳು

ಬಹಳ ಹಿಂದೆ, ಗೋಡೆಯ ಮೇಲೆ ಬರೆದ ಹಕ್ಕಿಯೂ ಹಾರಿಹೋಗುತ್ತಿದ್ದ ಕಾಲದಲ್ಲಿ, ಚಿತ್ತಾವತಿ ಎಂಬ ರಾಜ್ಯವಿತ್ತು. ಅಲ್ಲಿ ಅರಮನೆಗೆ ಅಂಟಿಕೊಂಡಂತೆ ಒಂದು ಮನೆ. ಅದರ ಹೆಸರು ಕೂಡುಮನೆ. ನಾಲ್ಕು ಜನ ಸೇರಿ ಅಲ್ಲಿ ಚಿತ್ತಾರ ಮಾಡುತ್ತಿದ್ದರು. ಸೂರಣ್ಣ ಗೋಡೆಯ ಮೇಲೆ ಜೇಡಿಮಣ್ಣು ಮೆತ್ತಿ ಮೈ ಎಬ್ಬಿಸುತ್ತಿದ್ದ. ಬೊಮ್ಮರಸ ಗೆರೆ ಎಳೆಯುತ್ತಿದ್ದ. ಕೆಂಪಾಯಿ ಬಣ್ಣ ತುಂಬುತ್ತಿದ್ದಳು. ಯಾರು ಮಾಡಿದ್ದೆಂದು ಕೇಳಿದರೆ ಎಲ್ಲರೂ "ನಾವು" ಎನ್ನುತ್ತಿದ್ದರು. "ನಾನು" ಎಂಬುದನ್ನು ಚಪ್ಪಲಿಯ ಜೊತೆ ಹೊಸಿಲಾಚೆ ಬಿಟ್ಟು ಬರಬೇಕು, ಅದು ಆ ಮನೆಯ ಕಟ್ಟಳೆ.

ನಾಲ್ಕನೆಯವಳು ಹೊನ್ನಕ್ಕ. ಅವಳು ಏನು ಮಾಡುತ್ತಿದ್ದಳು? ಚಾಪೆ ಹಾಸಿಕೊಂಡು ಕೂತು, ಎಲೆಅಡಿಕೆ ಜಗಿಯುತ್ತ ನೋಡುತ್ತಿದ್ದಳು. ಉಳಿದವರು ಮಾಡುತ್ತ ಮಾಡುತ್ತ ಇರುವಾಗ ಒಮ್ಮೆ ತಲೆ ಓರೆ ಮಾಡಿ "ಸಾಕು" ಎನ್ನುತ್ತಿದ್ದಳು. ಹಾಗೆಂದ ಕೂಡಲೇ ಚಿತ್ತಾರಕ್ಕೆ ಜೀವ ಬರುತ್ತಿತ್ತು. ಆಮೇಲೆ ಒಂದು ಚುಕ್ಕೆ ಹೆಚ್ಚಿಗೆ ಇಟ್ಟರೂ ಅದು ಬರೀ ಮಣ್ಣು.

"ಅಕ್ಕ, ಕೊಕ್ಕಿಗೆ ಒಂದೇ ಒಂದು ತೊಟ್ಟು ಕೆಂಪು," ಎಂದು ಕೆಂಪಾಯಿ ಗೋಗರೆಯುತ್ತಿದ್ದಳು.

"ಕೈ ತೊಳ್ಕೋ ಹೋಗು," ಎನ್ನುತ್ತಿದ್ದಳು ಹೊನ್ನಕ್ಕ. ಅವಳ ಬಾಯಿ ಒರಟು. ಮೂವರೂ ಹಿಂದಿನಿಂದ ಅವಳನ್ನು ಆಡಿಕೊಳ್ಳುತ್ತಿದ್ದರು, ಮುಂದೆ ನಗುತ್ತಿದ್ದರು. ಜೊತೆಯಾಗಿ ಕೆಲಸ ಮಾಡುವವರ ಮನೆಯಲ್ಲಿ ಇದೆಲ್ಲ ಇದ್ದದ್ದೇ.

ಹೀಗಿರುವಾಗ ಧೂಮಾಕ್ಷನೆಂಬ ಮಾಂತ್ರಿಕ ಬಂದ. ಅವನಿಗೆ ಗೊತ್ತಿದ್ದದ್ದು ಒಂದೇ ಮಂತ್ರ: "ಸಾಲದು." ಅವನು ಹಾಗೆಂದರೆ ಎದುರಿಗಿದ್ದದ್ದು ಹಸಿದು ಬೆಳೆಯುತ್ತಿತ್ತು. ರಾಜ ಕೊಟ್ಟ ಊಟ ಸಾಲದು, ಪೀಠ ಸಾಲದು, ಮರ್ಯಾದೆ ಸಾಲದು ಎಂದು ಮುನಿದು, ಅಂಗಳದಲ್ಲಿ ಆಡುತ್ತಿದ್ದ ರಾಜನ ಪುಟ್ಟ ಮಗಳು ಇಂದುಲೇಖೆಯನ್ನು ಮುಟ್ಟಿ ಕಲ್ಲು ಮಾಡಿಬಿಟ್ಟ.

ರಾಜ ಅವನ ಕಾಲಿಗೆ ಬಿದ್ದ. "ನಿನ್ನ ಊರಲ್ಲಿ ಯಾರಾದರೂ ನನ್ನೆದುರು ಮೂರು ಜೀವ ಮಾಡಲಿ. ಒಂದೊಂದಕ್ಕೂ ಮಗುವಿನ ಮೈಯ ಕಲ್ಲು ಅಷ್ಟಷ್ಟು ಕರಗುತ್ತದೆ. ಒಂದು ತಪ್ಪಿದರೂ ಕಲ್ಲು ಕಲ್ಲೇ," ಎಂದ ಧೂಮಾಕ್ಷ.

ಕಲ್ಲಾದ ಮಗುವನ್ನು ಆಸ್ಥಾನಕ್ಕೆ ತಂದಿಟ್ಟು, ಕೂಡುಮನೆಯವರನ್ನು ಅಲ್ಲಿಗೆ ಕರೆಸಿದರು. ಮೊದಲು ಹಕ್ಕಿ. ಸೂರಣ್ಣ ಮೆತ್ತಿದ, ಬೊಮ್ಮರಸ ಎಳೆದ, ಕೆಂಪಾಯಿ ತುಂಬಿದಳು. "ಸಾಲದು" ಎನ್ನಲು ಧೂಮಾಕ್ಷ ಬಾಯಿ ತೆರೆಯುವಷ್ಟರಲ್ಲಿ ಹೊನ್ನಕ್ಕ "ಸಾಕು" ಎಂದಳು. ಹಕ್ಕಿ ಹಾರಿ ತೊಲೆಯ ಮೇಲೆ ಕೂತು ಹಾಡಿತು. ಇಂದುಲೇಖೆಯ ಕಾಲುಗಳು ಬೆಚ್ಚಗಾದವು.

ಆಮೇಲೆ ಕುದುರೆ. ಸೂರಣ್ಣ ಮೆತ್ತಿದ, ಬೊಮ್ಮರಸ ಎಳೆದ, ಕೆಂಪಾಯಿ ತುಂಬಿದಳು. ಬಾಲ ಇನ್ನೂ ಅರ್ಧ ಇತ್ತು. "ಸಾಕು" ಎಂದಳು ಹೊನ್ನಕ್ಕ. ಕುದುರೆ ಅರ್ಧ ಬಾಲವನ್ನೇ ಬೀಸುತ್ತ ಗೋಡೆಯಿಂದ ಇಳಿಯಿತು. ಮಗುವಿನ ಕುತ್ತಿಗೆಯವರೆಗೆ ಜೀವ ಬಂತು. ಮುಖ ಮಾತ್ರ ಕಲ್ಲಾಗಿ ಉಳಿಯಿತು.

ತನಗೆ ಸೋಲು ಬರುತ್ತಿದೆ ಎಂದು ಧೂಮಾಕ್ಷನಿಗೆ ತಿಳಿಯಿತು. ಅವನು ಬೆಣ್ಣೆಯಂಥ ದನಿಯಲ್ಲಿ ಕೇಳಿದ, "ಆಹಾ, ಎಂಥ ಮೈಕಟ್ಟು! ಇದು ಯಾರ ಕೈಯದು?"

"ನಂದು," ಎಂದ ಸೂರಣ್ಣ.

"ಈ ಗೆರೆ?" "ನಾನು ಎಳೆದದ್ದು ಸ್ವಾಮಿ," ಎಂದ ಬೊಮ್ಮರಸ. "ಈ ಬಣ್ಣ?" "ನಂದೇ," ಎಂದಳು ಕೆಂಪಾಯಿ.

"ಹಾಗಾದ್ರೆ ಈ ಹೆಂಗಸಿನದು ಯಾವುದು? ತೋರಿಸಿ."

ಅಯ್ಯೋ, ಆಗ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ! ಬೊಮ್ಮರಸ ಕಾಲ ಹೆಬ್ಬೆರಳು ನೋಡಿಕೊಂಡ. ಸೂರಣ್ಣ ಕೈಯ ಮಣ್ಣು ಉಜ್ಜಿಕೊಂಡ. ಕೊನೆಗೆ ಕೆಂಪಾಯಿ, "ಅಕ್ಕ... ನೋಡ್ತಾಳೆ," ಎಂದಳು.

"ನೋಡೋಕೆ ನನಗೂ ಎರಡು ಕಣ್ಣಿವೆ," ಎಂದು ಧೂಮಾಕ್ಷ ನಕ್ಕ. ಆಸ್ಥಾನವೂ ನಕ್ಕಿತು.

ಹೊನ್ನಕ್ಕ ಮೂವರ ಮುಖವನ್ನೂ ಒಂದೊಂದಾಗಿ ನೋಡಿದಳು. ಚಾಪೆ ಸುತ್ತಿ ಅಲ್ಲೇ ಗೋಡೆಗೆ ಒರಗಿಸಿ ಹೊರಟುಹೋದಳು. ಯಾರೂ ಕೂಗಲಿಲ್ಲ. ನಿಜ ಹೇಳಬೇಕೆಂದರೆ, ಮೂವರಿಗೂ ಒಳಗೊಳಗೇ ಖುಷಿಯಾಗಿತ್ತು. ಇನ್ನು ಕೈ ತಡೆಯುವವರಿಲ್ಲ, ಮನಸಾರೆ ಮಾಡಬಹುದು ಎಂದುಕೊಂಡರು.

ಮೂರನೆಯದು ಹುಲಿ. ಸೂರಣ್ಣ ಮೆತ್ತಿದ, ಬೊಮ್ಮರಸ ಎಳೆದ, ಕೆಂಪಾಯಿ ತುಂಬಿದಳು. "ಸಾಲದು," ಎಂದ ಧೂಮಾಕ್ಷ. ಅವರಿಗೂ ಹೌದೆನಿಸಿತು. ಇನ್ನಷ್ಟು ಮಣ್ಣು, ಇನ್ನಷ್ಟು ಪಟ್ಟೆ, ಇನ್ನಷ್ಟು ಹಳದಿ. "ಸಾಲದು, ಸಾಲದು." ಹುಲಿ ಹೆಬ್ಬಾಗಿಲಷ್ಟಾಯಿತು. ಹಸಿವಿನಿಂದ ಗರ್ಜಿಸಿ ಗೋಡೆಯಿಂದ ಕಿತ್ತು ಬಂತು. ಹಕ್ಕಿಯನ್ನು ತಿಂದಿತು. ಅರ್ಧ ಬಾಲದ ಕುದುರೆಯನ್ನು ತಿಂದಿತು. ಕಂಬ ಅಗಿಯುತ್ತ ಕಲ್ಲುಮುಖದ ಮಗುವಿನತ್ತ ತಿರುಗಿತು.

"ಸಾಕು! ಸಾಕು!" ಎಂದು ಮೂವರೂ ಕಿರುಚಿದರು. ಹುಲಿ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಅಷ್ಟು ಭಯದಲ್ಲೂ ಬೊಮ್ಮರಸನ ಕಣ್ಣು, ಎಡಗಿವಿಯ ಗೆರೆ ಸೊಟ್ಟಗಿದೆಯಲ್ಲ, ತಿದ್ದಬೇಕಿತ್ತಲ್ಲ ಎನ್ನುತ್ತಿತ್ತು.

ಸೂರಣ್ಣ, ಕೆಂಪಾಯಿ ಮಗುವಿಗೆ ಅಡ್ಡ ನಿಂತರು. ಬೊಮ್ಮರಸ ಹೊಳೆಯ ದೋಣಿಕಟ್ಟೆಗೆ ಓಡಿದ. ಹೊನ್ನಕ್ಕ ದೋಣಿಗೆ ಕಾಯುತ್ತ ಕೂತಿದ್ದಳು.

"ತಪ್ಪಾಯ್ತು ಅಕ್ಕ, ಬಾ."

"ನಿಮಗಾಗಿ ಬರಲ್ಲ ಬೊಮ್ಮ," ಎಂದಳು. "ಮಗೂಗಾಗಿ ಬರ್ತೀನಿ, ನಡಿ."

ಬಂದವಳು ಹುಲಿಯನ್ನು ಕಣ್ತುಂಬ ನೋಡಿದಳು. "ನಿಮ್ಮ ನಿಮ್ಮ ಕೈಯಾರೆ ತೆಗೀರಿ. ಯಾವುದನ್ನ ನಂದು ಅಂದ್ರೋ ಅದನ್ನೇ ಮೊದಲು ತೆಗೀರಿ."

ಸೂರಣ್ಣ ಬಾಲ ಹಿಡಿದು ಮಣ್ಣು ಕೆರೆದ. ಬೊಮ್ಮರಸ ಅಳುತ್ತ ಪಟ್ಟೆ ಒರೆಸಿದ. ಕೆಂಪಾಯಿ ಸೆರಗು ನೀರಲ್ಲಿ ಅದ್ದಿ ಹೊಳೆಯುವ ಹಳದಿಯನ್ನೆಲ್ಲ ತೊಳೆದಳು. ಹುಲಿ ಕುಗ್ಗಿತು, ಕರುವಿನಷ್ಟಾಯಿತು, ಬೆಕ್ಕಿನಷ್ಟಾಯಿತು.

"ಸಾಕು," ಎಂದಳು ಹೊನ್ನಕ್ಕ.

ಮರಿಹುಲಿ ಆಕಳಿಸಿ ಕೂತಿತು. "ಸಾಲದು!" ಎಂದು ಧೂಮಾಕ್ಷ ಚೀರಿದ. ಅವಳು ಅವನತ್ತ ತಿರುಗಿ ತಲೆ ಓರೆ ಮಾಡಿದಳು. "ನೀನೂ ಸಾಕು," ಎಂದಳು. ಹುಟ್ಟಿದಂದಿನಿಂದ ತನ್ನ ಬಗ್ಗೆ ಆ ಮಾತು ಕೇಳದವನು ನಿಂತಲ್ಲೇ ಬೂದಿಯಾಗಿ ಕುಸಿದ.

ಇಂದುಲೇಖೆಯ ಮುಖ ಅರಳಿತು. ಅವಳು ಕಣ್ಣು ಬಿಟ್ಟು ಮೊದಲು ನೋಡಿದ್ದು ಮರಿಯನ್ನು. "ಅಜ್ಜಿ, ಇದನ್ನ ಏನು ಮಾಡ್ಲಿ?"

"ಸಾಕು," ಎಂದಳು ಹೊನ್ನಕ್ಕ ನಗುತ್ತ. ಮಗು ಅದನ್ನು ಎತ್ತಿಕೊಂಡು ಹಾಲು ಕೇಳಲು ಓಡಿತು. ನಮ್ಮ ಮಾತಿನಲ್ಲಿ ಮುಗಿಸುವುದಕ್ಕೂ ಪೊರೆಯುವುದಕ್ಕೂ ಇದೊಂದೇ ಮಾತು ಇರುವುದು ಎಷ್ಟು ಒಳ್ಳೆಯದು, ಎಷ್ಟು ಕಷ್ಟದ್ದು.

ಮೂವರೂ ಹೊನ್ನಕ್ಕನ ಚಾಪೆಯನ್ನು ಕೂಡುಮನೆಯಲ್ಲಿ ಅದರ ಜಾಗದಲ್ಲೇ ಹಾಸಿ, ಬಾಗಿಲಲ್ಲಿ ನಿಂತರು. "ಕೂತ್ಕೋ ಬಾ ಅಕ್ಕ. ಮೊದಲಿನ ಹಾಗೇ ಇರೋಣ," ಎಂದಳು ಕೆಂಪಾಯಿ.

ಹೊನ್ನಕ್ಕನಿಗೆ ಕೋಪವಿರಲಿಲ್ಲ. ಅವಳು ಹೊಸಿಲಾಚೆಯೇ ನಿಂತು ಚಾಪೆ ನೋಡಿದಳು, ಗೋಡೆ ನೋಡಿದಳು, ಮೂವರನ್ನೂ ನೋಡಿದಳು. ಚಿತ್ತಾರ ನೋಡುವ ಹಾಗೆಯೇ ತಲೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು.

"ಸಾಕು," ಎಂದು ದೋಣಿಕಟ್ಟೆಯ ಕಡೆ ನಡೆದಳು.

ಚಿತ್ತಾವತಿಯ ಜನ ಸುಖವಾಗಿದ್ದರು. ಹುಲಿ ರಾಜಕುಮಾರಿಯ ಕಾಲಬುಡದಲ್ಲಿ ಮಲಗಿ ಮುದಿಯಾಯಿತು. ಕೂಡುಮನೆಯ ಮೂವರೂ ಸುಖವಾಗಿದ್ದರೆಂದೇ ಹೇಳಬೇಕು; ಚಿತ್ತಾರ ಮಾಡಿದರು, ಯಾರು ಕೇಳಿದರೂ "ನಾವು" ಎಂದರು. ಯಾವ ಹಕ್ಕಿಯೂ ಗೋಡೆ ಬಿಟ್ಟು ಹಾರಲಿಲ್ಲ, ಅಷ್ಟೇ.

"ಅಕ್ಕ ಅವತ್ತು ಬಾಗಿಲಲ್ಲಿ ಹೇಳಿದ್ದು ಮಗೂಗೆ ಹೇಳಿದ ಸಾಕು ಕಣೋ. ಈ ಮನೇನ ಸಾಕ್ಕೊಂಡು ಹೋಗಿ ಅಂತ," ಎನ್ನುತ್ತಿದ್ದ ಸೂರಣ್ಣ. ಕೆಂಪಾಯಿ ಒಂದೊಂದು ದಿನ ಅದನ್ನು ನಂಬುತ್ತಿದ್ದಳು.

ಬೊಮ್ಮರಸ ನಂಬುತ್ತಿರಲಿಲ್ಲ. ಅಕ್ಕನ ಆ ದನಿ ಕೇಳಿ ಗೋಡೆಯಿಂದ ಕೈ ಎತ್ತಿಯೇ ಅವನು ಅರ್ಧ ಆಯುಷ್ಯ ಕಳೆದಿದ್ದ. ಅವಳು ಹಾಗೆಂದ ಮೇಲೆ ಇನ್ನೊಂದು ಗೆರೆ ಎಳೆಯಬಾರದು. ಅದಕ್ಕೇ ಅವನು ದೋಣಿಕಟ್ಟೆಗೆ ಎರಡನೆಯ ಸಲ ಓಡಲಿಲ್ಲ. ಓಡಬೇಕಿತ್ತೇನೋ ಎಂದು ಸಾಯುವತನಕ ಅಂದುಕೊಂಡ.