ಮೂರನೇ ಮಷೀನಿನಲ್ಲಿ ಸಿಕ್ಕ ಮುಖ

"ಪ್ರಿಂಟ್ ಸ್ಕ್ರೀನ್ ಒತ್ತಿದ್ರ ಏನೂ ಆಗ್ಲಿಲ್ಲ ಅನಸ್ತತಿ. ಆದ್ರ ಪರದೆ ಮ್ಯಾಲಿಂದೆಲ್ಲ ಒಳಗ ಕುಂತಿರ್ತತಿ. ಈಗ ಪೇಂಟ್ ತಗದು ಕಂಟ್ರೋಲ್ ವಿ ಒತ್ತೂಣು... ನೋಡ್ರಿ!"

ಐವರು ಹುಡುಗಿಯರು ನೋಡಿದರು. ಕಂಪ್ಯೂಟರ್ ಪಾಠ ಹೇಳುತ್ತಿದ್ದ ಶೈಲಶ್ರೀಯೂ ನೋಡಿದಳು.

ಬಂದದ್ದು ಅವಳದೇ ಮುಖ! ಮೇಲೆ ಯಾವುದೋ ವಧೂವರರ ವೆಬ್‌ಸೈಟಿನ ಹೆಸರು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ವಯಸ್ಸು, ಎತ್ತರ...

"ಮೇಡಂ, ಇದು ನೀವ ಅಲ್ಲೇನ್ರಿ?"

ಶೈಲಶ್ರೀ ತಟ್ಟನೆ ಚಿತ್ರವನ್ನು ಪರದೆಯಿಂದ ಮರೆಮಾಡಿದಳು. "ಇವತ್ತಿಗೆ ಸಾಕು. ಮನಿಗೆ ಹೋಗ್ರಿ."

ಬೆಳಿಗ್ಗೆ ಈ ಮಷೀನಿನ ಮುಂದೆ ಕೂತಿದ್ದವನು ಒಬ್ಬನೇ, ಕುಪ್ಪೇಲೂರಿನಿಂದ ಬಸ್ಸಿನಲ್ಲಿ ಬರುವ ಹೊಸ ಮೇಷ್ಟ್ರು ವಿಜಯಮಹಾಂತೇಶ. ಎರಡು ತಿಂಗಳಿಂದ ಕದ್ದು ಕದ್ದು ನೋಡುತ್ತಿದ್ದದ್ದು ಇದಕ್ಕೇನಾ? ಛೆ! ಅವನ ನೋಟ ತನಗೂ ಹಿತವೆನಿಸಿತ್ತಲ್ಲ ಎಂದು ತನ್ನ ಮೇಲೇ ಸಿಟ್ಟು ಬಂತು.

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದ ಅಪ್ಪ ಶೇಖಪ್ಪ ಒಂದೇ ಷರತ್ತಿನ ಮೇಲೆ ಅವಳನ್ನು ಕೆಲಸಕ್ಕೆ ಕಳಿಸಿದ್ದರು. ಊರವರ ಬಾಯಿಗೆ ಬೀಳಬಾರದು. ಈ ಫೋಟೋದ ಸುದ್ದಿ ಅವರ ಕಿವಿಗೆ ಬಿದ್ದರೆ ನಾಳೆಯಿಂದ ಪಾಠ ಬಂದ್!

ಸಾಕ್ಷಿ ಬೇಕು ಎಂದು ಚಿತ್ರವನ್ನು ಫ್ಲಾಪಿಗೆ ಸೇವ್ ಮಾಡಹೋದಳು. ಜಾಗ ಸಾಲದು ಎಂದಿತು. ಅವಸರದಲ್ಲಿ ಅಗಲವನ್ನಷ್ಟೇ ಅರ್ಧ ಮಾಡಿದಳು. ಮುಖ ಹಿಂಡಿದಂತಾಯಿತು, ಫ್ಲಾಪಿಯಲ್ಲಿ ಕೂತಿತು.

"ಮೂರನೇ ಮಷೀನ್ ಯಾರರ ಮುಟ್ಟೀರೇನ್ರಿ?" ವಿಜಯಮಹಾಂತೇಶ ಗಾಬರಿಯಿಂದ ಒಳಗೆ ಬಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ!

"ನಾನ ಮುಟ್ಟೇನಿ. ನನ್ನ ಫೋಟೋ ಯಾಕ ಹಾಕೀರಿ ಇದರಾಗ?"

ಅವನು ಕೀಬೋರ್ಡಿನತ್ತ ಕೈ ತೋರಿಸಿದ. "ಪ್ರಿಂಟ್ ಸ್ಕ್ರೀನ್ ಕೀಲಿ ಗಟ್ಟಿ ಒತ್ತಬೇಕ್ರಿ ಅದರಾಗ. ಹಗುರಕ ಒತ್ತಿದ್ರ ಹತ್ತಂಗಿಲ್ಲ, ಹಳೇದ ಬರ್ತತಿ..."

"ಕೀಲಿ ಕಥಿ ಬ್ಯಾಡ. ಖರೇ ಹೇಳ್ರಿ!"

"ನನ್ನ ಕಡೆಯಿಂದ ಹಾಕ್ಸಿದವ್ರು ನಿಮ್ಮಪ್ಪಾರು. ವರ ಗೊತ್ತಾಗೂತನ ನಿಮಗ ಹೇಳಬ್ಯಾಡ ಅಂದಾರ. ಸೋಮವಾರಕ್ಕೊಮ್ಮೆ ಈ ಪುಟ ಕಾಗದದ ಮ್ಯಾಲೆ ಬೇಕಂತಾರ, ಅದಕ್ಕ ತಗದಿಟ್ಟಿದ್ದೆ."

ಅಪ್ಪನಾ? ನಂಬಿಕೆ ಬರಲಿಲ್ಲ. ಚಿತ್ರವನ್ನು ಮತ್ತೆ ತೆರೆದಳು. ಸಣಕಲಾದ ಅಕ್ಷರಗಳ ಕೊನೆಯ ಸಾಲು ಕಣ್ಣಿಗೆ ಬಿತ್ತು: ಮದುವೆಯ ನಂತರವೂ ಹುಡುಗಿ ಪಾಠ ಹೇಳುವುದನ್ನು ಬಿಡುವುದಿಲ್ಲ.

"ಇದು ಅಪ್ಪ ಬರಸಿದ್ದಲ್ಲ."

"ಅಲ್ರಿ." ಅವನು ತಲೆ ತಗ್ಗಿಸಿದ. "'ಕೆಲಸ ಬಿಡ್ತಾಳ' ಅಂತ ಬರೀ ಅಂದ್ರು. ನೀವು ಪಾಠ ಹೇಳೂದು ದಿನಾ ನೋಡ್ತೇನಿ... ಬರಿಯಾಕ ಕೈ ಏಳಲಿಲ್ಲ. ಅವರಿಗೆ ಇಂಗ್ಲಿಷ್ ಬರಂಗಿಲ್ಲ. ಅದಕ್ಕ ಒಬ್ಬ ವರಾನೂ ಬಂದಿಲ್ಲ."

"ನನ್ನ ಒಂದ್ ಮಾತು ಕೇಳದ?"

"ತಪ್ಪಾತ್ರಿ."

ಅವಳು ಇನ್ನೂ ಸ್ವಲ್ಪ ಬೈಯಬೇಕೆಂದಿದ್ದಳು. ಆದರೆ ಕಣ್ಣು ತುಂಬಿ ಬಂತು. ಅವಳಿಗೆ ಏನು ಬೇಕೆಂದು ಈವರೆಗೆ ಯಾರೂ ಬರೆದಿರಲಿಲ್ಲ.

"ಸೋಮವಾರ ಅಪ್ಪಗ ಏನ್ ಹೇಳ್ತೀರಿ?"

"ಯಾರೂ ಕೇಳಿಲ್ಲ ಅಂತ..."

"ಒಬ್ರು ಕೇಳ್ಯಾರ ಅಂತ ಹೇಳ್ರಿ. ಹೆಂಡ್ತಿ ಪಾಠ ಹೇಳಿದ್ರ ಅಡ್ಡಿಲ್ಲ ಅನ್ನೂದನ್ನೂ ಹೇಳ್ರಿ, ಈ ಸಲ ಕನ್ನಡದಾಗ." ಅವಳು ಮುಖ ತಿರುಗಿಸಿಕೊಂಡಳು. "ನಿಮ್ಮ ಫೋಟೋ ಐತೇನು?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು! ತನ್ನ ಫೋಟೋ ತೆರೆದು, ಅವಳ ಮೊದಲಿನ, ಹಿಂಡದ ಫೋಟೋದ ಪಕ್ಕಕ್ಕೆ ತಂದ.

"ಇದರ ಅಳತಿ ಎಷ್ಟಕ್ಕ ಇಳಸ್ಲಿ?"

"ನಂದು ಎಷ್ಟೈತೋ ಅಷ್ಟ. ಅಗಲಾನೂ ಎತ್ತರಾನೂ ಕೂಡೇ ಇಳಸ್ರಿ, ನಾ ಮಾಡಿದಂಗ ಮುಖ ಹಿಂಡಬ್ಯಾಡ್ರಿ."

ಅವನು ನಕ್ಕು ಪ್ರಿಂಟ್ ಸ್ಕ್ರೀನ್ ಮೇಲೆ ಬೆರಳಿಟ್ಟ.

"ಗಟ್ಟಿ ಒತ್ರಿ," ಎಂದಳು ಶೈಲಶ್ರೀ, ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು. "ಅಪ್ಪ ಇದನ್ನ ನೋಡಲೇಬೇಕು."